ಒಡೆಯನಿಲ್ಲದ ಲೇಖಣಿ: ಶಿಕಾರಿಪುರ ಸೊರಬ ಸೀಮೆಯ ಶಿಲಾಸಾಕ್ಷ್ಯ

ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಪ್ರಣವೇಶ್ವರನ ಗುಡಿಯ ಮುಂದಿರುವ ಶಿಲಾಸ್ತಂಭವನ್ನು ಕರ್ಣಾಟಕದ ಇತಿಹಾಸವನ್ನು ಬಲ್ಲವರಾರೂ ಮರೆಯಲಾರರು. ಮಯೂರಶರ್ಮನು ಗುರು ವೀರಶರ್ಮನೊಡನೆ ಕಂಚಿಯ ಘಟಿಕಾಸ್ಥಾನಕ್ಕೆ ವಿದ್ಯಾರ್ಥಿಯಾಗಿ ಹೋದುದು, ಅಲ್ಲಿ ಪಲ್ಲವರ ಕುದುರೆಯಾಳಿನೊಡನೆ ಕಲಹವಾದುದು, ದರ್ಭೆ ಹಿಡಿದ ಕೈ ಕತ್ತಿಯನ್ನು ಹಿಡಿದುದು, ಇವೆಲ್ಲಕ್ಕೂ ಆ ಕಂಬವೇ ಮೂಲ. ವಾಚಕರು ಸಾಮಾನ್ಯವಾಗಿ ಈ ವೃತ್ತಾಂತವನ್ನು ಓದಿ ಅಲ್ಲಿಗೆ ನಿಲ್ಲಿಸುವರು. ಕೊನೆಯಲ್ಲಿ ಬರುವ ಒಂದು ಮಾತಿನ ಮೇಲೆ ಅವರ ಕಣ್ಣು ಬೀಳುವುದು ಅಪರೂಪ. ಕಾಕುಸ್ಥವರ್ಮನ ಮಗನಾದ ಶಾಂತಿವರ್ಮನ ಆಜ್ಞೆಯನ್ನು ಪಾಲಿಸಿ, ಕುಬ್ಜನೆಂಬ ಕವಿಯು ತನ್ನ ಕಾವ್ಯವನ್ನು ತಾನೇ ಕಲ್ಲಿನ ಮೇಲೆ ಬರೆದನು ಎಂಬುದೇ ಆ ಮಾತು.

ಬರೆದವನು ತನ್ನ ಹೆಸರನ್ನು ತಾನೇ ಕಾಣಿಸಿಕೊಂಡ ಇಷ್ಟು ಹಳೆಯ ನಿದರ್ಶನ ಈ ಸೀಮೆಯಲ್ಲಿ ದೊರೆಯುವುದು ದೊಡ್ಡ ಸಂಗತಿಯೇ ಸರಿ. ಆದರೆ ಅದೇ ವಾಕ್ಯದಲ್ಲಿ ಅರಸನ ಆಜ್ಞೆಯೂ ಇದೆ. ಕವಿಗೆ ಹೆಸರೂ ಉಳಿಯಿತು, ಕಟ್ಟೂ ಉಳಿಯಿತು. ಪ್ರಭುವಿನ ಅನ್ನವನ್ನು ಉಂಡವನು ಪ್ರಭುವಿನ ವಂಶವನ್ನು ಹೊಗಳದೆ ಇನ್ನೇನನ್ನು ಬರೆದಾನು? ಹಾಗಾದರೆ ಯಾವ ಪ್ರಭುವಿಗೂ ಸೇರದೆ, ಊರಿಂದೂರಿಗೆ ನಡೆದು, ಕಂಡುದನ್ನು ಹೇಳಿ ಹಾಡಿ ಬರೆದು ಬಾಳಿದವರಿಗೆ ಆಸರೆ ಯಾವುದಿದ್ದಿತು? ಈ ಪ್ರಶ್ನೆಗೆ ಉತ್ತರವನ್ನು ತಾಳಗುಂದದಿಂದ ಬಹು ದೂರ ಹೋಗದೆಯೇ, ಬಳ್ಳಿಗಾವೆಯಲ್ಲಿ ಹುಡುಕಬಹುದಾಗಿದೆ.

ಬನವಾಸಿ ಪನ್ನಿರ್ಛಾಸಿರದ ರಾಜಧಾನಿಯಾಗಿ ಮೆರೆದ ಬಳ್ಳಿಗಾವೆಯಲ್ಲಿ ಕೇದಾರೇಶ್ವರನ ಗುಡಿಗೆ ಸೇರಿದಂತೆ ಕಾಳಾಮುಖ ಯತಿಗಳ ಕೋಡಿಯಮಠವಿದ್ದಿತು. ಕೆರೆಯ ಕೋಡಿಯ ಬಳಿ ಇದ್ದುದರಿಂದ ಅದಕ್ಕೆ ಆ ಹೆಸರು. ಕಳಚುರಿ ಬಿಜ್ಜಳನ ಕಾಲದಲ್ಲಿ, ವಾಮಶಕ್ತಿಯು ಮಠಾಧಿಪತಿಯಾಗಿದ್ದಾಗ, ೧೧೬೨ರಲ್ಲಿ ಹುಟ್ಟಿದ ಶಾಸನವೊಂದು ಆ ಮಠವು ಎಂತಹ ಸ್ಥಾನವೆಂಬುದನ್ನು ಒಂದೊಂದಾಗಿ ಎಣಿಸುತ್ತದೆ. ಅಂಗಸಹಿತವಾದ ನಾಲ್ಕು ವೇದಗಳ ಪಠನ ಅಲ್ಲಿ ನಡೆಯುತ್ತಿತ್ತು. ಕೌಮಾರ, ಪಾಣಿನೀಯ, ಶಾಕಟಾಯನ ಮೊದಲಾದ ವ್ಯಾಕರಣಗಳೂ, ನ್ಯಾಯ ವೈಶೇಷಿಕ ಮೀಮಾಂಸೆ ಸಾಂಖ್ಯಗಳೂ, ಅವುಗಳ ಸಾಲಿನಲ್ಲೇ ಬೌದ್ಧದರ್ಶನವೂ, ಲಾಕುಳಸಿದ್ಧಾಂತವೂ, ಪಾತಂಜಲ ಯೋಗವೂ, ಹದಿನೆಂಟು ಪುರಾಣಗಳೂ, ಕಾವ್ಯ ನಾಟಕಗಳೂ ವ್ಯಾಖ್ಯಾನಕ್ಕೆ ಬರುತ್ತಿದ್ದುವು. ಶೈವಮಠವೊಂದು ಬೌದ್ಧಮತವನ್ನೂ ಪಾಠಕ್ಕೆ ಇಟ್ಟುಕೊಂಡಿತೆಂಬುದನ್ನು ಇಂದಿನ ಕೆಲವರು ನಂಬಲು ಹಿಂಜರಿಯಬಹುದು. ಕಲ್ಲು ಹೇಳುವುದು ಹಾಗೆಯೇ.

ಪ್ರಕೃತ ವಿಷಯಕ್ಕೆ ಬೇಕಾದುದು ಮುಂದಿನ ಪಟ್ಟಿ. ದೀನರು, ಅನಾಥರು, ಕುಂಟರು, ಕುರುಡರು, ಕಿವುಡರು ಇವರಿಗೆ ಅಲ್ಲಿ ಅನ್ನದಾನವಾಗುತ್ತಿತ್ತೆಂದು ಶಾಸನವು ಹೇಳಿ, ಅದೇ ಉಸಿರಿನಲ್ಲಿ ಕಥೆ ಹೇಳುವವರು, ಹಾಡುವವರು, ವಾದ್ಯ ಬಾರಿಸುವವರು, ಕೊಳಲೂದುವವರು, ನರ್ತಕರು, ವೈತಾಳಿಕರು ಇವರನ್ನೂ ಹೆಸರಿಸುತ್ತದೆ. ಬಳಿಕ ಕ್ಷಪಣಕರು, ಏಕದಂಡಿ ತ್ರಿದಂಡಿಗಳು, ಹಂಸ ಪರಮಹಂಸರು ಬರುವರು. ರೋಗಿಗಳಿಗೆ ಔಷಧೋಪಚಾರವಿದ್ದಿತು. ಎಲ್ಲ ಪ್ರಾಣಿಗಳಿಗೂ ಅದು ಅಭಯಸ್ಥಾನವಾಗಿದ್ದಿತು.

ಕಥಕನನ್ನೂ ವೈತಾಳಿಕನನ್ನೂ ಈ ಗುಂಪಿನಲ್ಲಿ ಸೇರಿಸಿದವನು ಲೋಕವನ್ನು ಕಂಡವನಾಗಿರಬೇಕು. ಮುದ್ರಣವಿಲ್ಲದ ಆ ಕಾಲದಲ್ಲಿ ದೂರದ ಯುದ್ಧ, ಬರ, ಪಟ್ಟಾಭಿಷೇಕ, ಸಾವುಗಳ ಸುದ್ದಿ ಜನರ ಕಿವಿಗೆ ಬೀಳುತ್ತಿದ್ದುದು ಇಂತಹ ಸಂಚಾರಿಗಳ ಬಾಯಿಂದ. ಇವರಿಗೆ ಉಂಬಳಿಯಿಲ್ಲ, ಆಸ್ಥಾನವಿಲ್ಲ. ಮಳೆಗಾಲ ಹಿಡಿದರೆ, ಜ್ವರ ಬಂದರೆ, ಸ್ವರ ಕೆಟ್ಟರೆ ಆ ದಿನದ ಗಂಜಿಗೂ ಸಂಶಯ. ಅವರ ಕಲೆಯನ್ನು ಮೆಚ್ಚಿ ಬಹುಮಾನ ಕೊಡುವ ಸಾಮಂತರು ಬೇಕಾದಷ್ಟು ಮಂದಿ ಇದ್ದರು. ಕಲೆಯ ಮಾತನ್ನೇ ಎತ್ತದೆ ಹಸಿವನ್ನು ನೋಡಿ ಬಡಿಸಿದುದು ಮಠದ ವಿಶೇಷ. ಇಂತಹವನನ್ನೇ ಹೊಗಳಬೇಕೆಂಬ ನಿಬಂಧನೆಯೂ ಆ ಪಟ್ಟಿಯಲ್ಲಿಲ್ಲ.

ಶಾಸನವೆಂಬುದು ಪ್ರಶಸ್ತಿಯಷ್ಟೆ, ಅದರಲ್ಲಿ ಉತ್ಪ್ರೇಕ್ಷೆ ಇರದೆ ಇರದು ಎಂದು ಯಾರಾದರೂ ಆಕ್ಷೇಪಿಸಿದರೆ ಒಪ್ಪಬೇಕಾದುದೇ. ಆದರೂ ಒಂದು ಸಂಸ್ಥೆಯನ್ನು ಹೊಗಳುವಾಗ ಯಾವ ಗುಣವನ್ನು ಹೊಗಳಬೇಕೆಂದು ತೋರಿತು ಎಂಬುದೂ ಇತಿಹಾಸವೇ. ಇನ್ನು ಈ ಅನ್ನ ಆಕಾಶದಿಂದ ಬಿದ್ದುದಲ್ಲ. ತಪೋಧನರ ಆಹಾರದಾನಕ್ಕೂ ವಿದ್ಯಾದಾನಕ್ಕೂ ಖಂಡಸ್ಫುಟಿತ ಜೀರ್ಣೋದ್ಧಾರಕ್ಕೂ ಅರಸರು ಭೂಮಿಯನ್ನು ಬಿಟ್ಟರು. ವರ್ತಕ ಸಮೂಹಗಳು ತಮ್ಮ ಸರಕಿನ ಮೇಲೆ ತಾವೇ ಆಯವನ್ನು ಗೊತ್ತುಮಾಡಿಕೊಂಡು ಧರ್ಮಕಾರ್ಯಗಳಿಗೆ ಕೊಡುವ ಪದ್ಧತಿಯೂ ಆ ಕಾಲದ ಪಟ್ಟಣಗಳಲ್ಲಿದ್ದಿತು. ದತ್ತಿಯನ್ನು ಕಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುವನೆಂಬ ಶಾಪವಾಕ್ಯವನ್ನು ಶಾಸನಗಳ ಕೊನೆಗೆ ಸೇರಿಸುವುದು ವಾಡಿಕೆ. ಒಬ್ಬ ದಾನಿಯ ಮನಸ್ಸು ತಿರುಗಿದರೂ ಅನ್ನ ನಿಲ್ಲದಿರಲಿ ಎಂಬ ಎಚ್ಚರಿಕೆ ಅದರಲ್ಲಿದೆ.

ಬಳ್ಳಿಗಾವೆಯ ಶಿಲ್ಪಿಗಳ ಮಾತನ್ನೂ ಇಲ್ಲಿ ಹೇಳದೆ ಬಿಡುವಂತಿಲ್ಲ. ೧೧೧೭ರಲ್ಲಿ ವಿಷ್ಣುವರ್ಧನನು ಬೇಲೂರಿನ ಚೆನ್ನಕೇಶವನನ್ನು ಪ್ರತಿಷ್ಠಿಸಿದ ಆ ಮಹಾಕಾರ್ಯಕ್ಕೆ ಇಲ್ಲಿಂದ ದಾಸೋಜನೂ ಅವನ ಮಗ ಚಾವಣನೂ ಹೋದರು. ತಾವು ಕಡೆದ ಪ್ರತಿಮೆಗಳ ಅಡಿಯಲ್ಲಿ ಹೆಸರನ್ನೂ ಊರನ್ನೂ ಬಿರುದನ್ನೂ ಕೆತ್ತಿದರು. ಬೇಲೂರಿನ ರೂವಾರಿಗಳ ಸಹಿಗಳಲ್ಲಿ ಎದುರಾಳಿಗಳನ್ನು ಹಳಿಯುವ ಬಿರುದುಗಳೂ ಉಂಟು. ಕಸುಬಿನವರೊಳಗೆ ಮತ್ಸರ ಆಗಲೂ ಕಡಮೆಯಿರಲಿಲ್ಲ. ಸಹಿಯೆಂಬುದು ಅವರಿಗೆ ಬರಿಯ ಅಭಿಮಾನವಲ್ಲ, ಮುಂದಿನ ಕೆಲಸಕ್ಕೆ ಪತ್ರ.

ಸೊರಬದ ಕಡೆಗೆ ತಿರುಗಿದರೆ ಚಿತ್ರ ಬೇರೆ. ಅಲ್ಲಿಯ ಶಾಸನಗಳನ್ನು ಬಿ. ಎಲ್. ರೈಸ್ ಸಾಹೇಬರು ೧೯೦೪ರಲ್ಲಿ ಎಪಿಗ್ರಾಫಿಯಾ ಕರ್ನಾಟಿಕದ ಎಂಟನೆಯ ಸಂಪುಟದಲ್ಲಿ ಅಚ್ಚುಹಾಕಿಸಿದರು. ಅದನ್ನು ತೆರೆದವರಿಗೆ ಎದುರಾಗುವುದು ವೀರಗಲ್ಲುಗಳ ಸಾಲು. ಇಂಥ ಅರಸನಾಳುವಾಗ, ಇಂಥ ದಿನ, ತುರುಗಳನ್ನು ಹಿಡಿದರು. ಇಂಥವನು ಕಾದಿ ತುರುವನ್ನು ಮರಳಿಸಿ ಸತ್ತನು. ಯಾರು, ಎಲ್ಲಿ, ಎಂದು, ಏಕೆ ಎಂಬ ನಾಲ್ಕಕ್ಕೂ ಉತ್ತರ ನಾಲ್ಕು ಸಾಲಿನಲ್ಲಿ. ಹಳ್ಳಿಯ ಸುದ್ದಿಯನ್ನು ಇದಕ್ಕಿಂತ ಚಿಕ್ಕದಾಗಿ ಬರೆಯುವುದು ಕಷ್ಟ. ಸತ್ತವನ ಮನೆಯವರಿಗೆ ನೆತ್ತರುಗೊಡಗೆಯಾಗಿ ಭೂಮಿ ದೊರೆಯುವುದುಂಟು. ಬರೆದವನ ಪಾಲಿಗೆ ಬಹುಮಟ್ಟಿಗೆ ಹೆಸರೂ ಇಲ್ಲ.

ಪತ್ರಿಕೆಗಳು ಹುಟ್ಟಿದ ಮೇಲೂ ಈ ಅನಾಮಕತೆ ಬಹುಕಾಲ ಹೋಗಲಿಲ್ಲ. ೧೮೪೩ರಲ್ಲಿ ಮಂಗಳೂರ ಸಮಾಚಾರವು ಹೊರಟ ಬಳಿಕ ಕನ್ನಡ ಪತ್ರಿಕೆಗಳು ಹೆಚ್ಚಿದುವು. ತಾಲ್ಲೂಕುಗಳಿಂದ ವರ್ತಮಾನ ಕಳುಹಿಸುವ ಬಾತ್ಮಿದಾರರೂ ಹೆಚ್ಚಿದರು. ೧೯೦೮ರಲ್ಲಿ ಮೈಸೂರು ಸಂಸ್ಥಾನವು ವೃತ್ತಪತ್ರಿಕೆಗಳ ನಿರ್ಬಂಧವನ್ನು ತಂದಾಗ ಎಂ. ವೆಂಕಟಕೃಷ್ಣಯ್ಯನವರು ಪತ್ರಿಕೆಯನ್ನೇ ನಿಲ್ಲಿಸಿ ಪ್ರತಿಭಟಿಸಿದರು. ಅದು ಪತ್ರಿಕೆಯ ಒಡೆಯರು ತೋರಿದ ಧೈರ್ಯ. ಲೇಖನಕ್ಕೆ ಇಷ್ಟೆಂದು, ಅಂಗುಲಕ್ಕೆ ಇಷ್ಟೆಂದು ಪಡೆದು, ಎಷ್ಟೋ ಸಲ ಏನನ್ನೂ ಪಡೆಯದೆ ಬರೆಯುವವನಿಗೆ ನಿಲ್ಲಿಸಲು ತನ್ನ ಲೇಖಣಿಯ ಹೊರತು ಮತ್ತೇನಿದೆ? ಒಬ್ಬೊಬ್ಬನಾಗಿ ಆಗದುದನ್ನು ಕೂಡಿ ಸಾಧಿಸಬೇಕೆಂಬ ವಿಚಾರ ಬಲಿತುದು ಆಮೇಲೆ. ರಾಜ್ಯದ ಕಾರ್ಯನಿರತ ಪತ್ರಕರ್ತರ ಸಂಘವು ಡಿ. ವಿ. ಗುಂಡಪ್ಪನವರನ್ನು ತನ್ನ ಸ್ಥಾಪಕರೆಂದು ಸ್ಮರಿಸುತ್ತದೆ. ಅದರ ಶಾಖೆಗಳು ತಾಲ್ಲೂಕುಗಳವರೆಗೆ ಹಬ್ಬಿವೆ. ಅಖಿಲ ಭಾರತದ ಒಕ್ಕೂಟವು ೧೯೫೦ರಲ್ಲಿ ದೆಹಲಿಯಲ್ಲಿ ಏರ್ಪಟ್ಟಿತು. ಐದು ವರ್ಷಗಳಲ್ಲಿ, ೧೯೫೫ರಲ್ಲಿ, ಕಾರ್ಯನಿರತ ಪತ್ರಕರ್ತರ ಕಾಯಿದೆ ಬಂದು ವೇತನ, ಕೆಲಸದ ಹೊತ್ತು, ಉಪದಾನ ಇವುಗಳಿಗೆ ನೆಲೆಯಾಯಿತು. ೨೦೨೦ರಲ್ಲಿ ಸಂಸತ್ತು ಅಂಗೀಕರಿಸಿದ ಕಾರ್ಮಿಕ ಸಂಹಿತೆಯೊಳಗೆ ಅದನ್ನು ಸೇರಿಸಲಾಯಿತು.

ಆ ಕಾಯಿದೆಯ ಬಾಗಿಲಿನಲ್ಲಿ ಒಂದು ಹೊಸ್ತಿಲಿದ್ದಿತು. ಪತ್ರಿಕಾಸಂಸ್ಥೆಯಲ್ಲಿ ನೇಮಕಗೊಂಡವನೇ ಕಾರ್ಯನಿರತ ಪತ್ರಕರ್ತ. ಮುಂದಿನ ತಿದ್ದುಪಡಿಯಿಂದ ಅರೆಕಾಲಿಕರೂ ಒಳಗೆ ಬಂದರು. ನೇಮಕವೇ ಇಲ್ಲದವರು ಹೊರಗೇ ಉಳಿದರು. ತಿಂಗಳಿಗೆ ನಾಲ್ಕು ಪತ್ರಿಕೆಗಳಿಗೆ ಬರೆಯುವವನಿಗೆ ನಾಲ್ವರು ಒಡೆಯರೂ ಇಲ್ಲ, ಒಬ್ಬನೂ ಇಲ್ಲ. ಬ್ರಿಟನ್ನಿನಲ್ಲಿ ೧೯೦೭ರಲ್ಲಿ ಸ್ಥಾಪಿತವಾದ ಪತ್ರಕರ್ತರ ರಾಷ್ಟ್ರೀಯ ಒಕ್ಕೂಟವು ಇಂತಹವರನ್ನು ಸದಸ್ಯರನ್ನಾಗಿ ಸೇರಿಸಿಕೊಂಡು, ಬರೆಹಕ್ಕೆ ತಕ್ಕ ಸಂಭಾವನೆಯ ದರಗಳನ್ನು ಸೂಚಿಸಿ ಪ್ರಕಟಿಸುತ್ತದೆ, ಗುರುತಿನ ಪತ್ರವನ್ನು ಕೊಡುತ್ತದೆ, ಬಾಕಿ ವಸೂಲಿಗೂ ವ್ಯಾಜ್ಯಕ್ಕೂ ನೆರವಾಗುತ್ತದೆ, ಸಂಕಟದಲ್ಲಿರುವವರಿಗಾಗಿ ಸಹಾಯನಿಧಿಯನ್ನು ನಡೆಯಿಸುತ್ತದೆ. ಕೋಡಿಯಮಠದಲ್ಲಿ ಅನ್ನವೂ ಮದ್ದೂ ದೊರೆಯುತ್ತಿದ್ದುವು, ಆದರೆ ಅದು ದಾನ. ಉಂಡವನು ಬಡಿಸಿದವನನ್ನು ಲೆಕ್ಕ ಕೇಳುವಂತಿರಲಿಲ್ಲ. ಸಂಘದಲ್ಲಿ ವಂತಿಗೆ ತೆತ್ತವನು ಕೇಳಬಲ್ಲನು.

ಕರ್ಣಾಟಕದಲ್ಲಿ ೨೦೨೪-೨೫ರ ಆಯವ್ಯಯದಲ್ಲಿ ಗ್ರಾಮೀಣ ಪತ್ರಕರ್ತರಿಗೆ ಉಚಿತ ಬಸ್ ಪಾಸು ಘೋಷಿತವಾಯಿತು. ಚಂದ್ರಗುತ್ತಿಯ ಜಾತ್ರೆಗೂ ಆನವಟ್ಟಿಯ ಸಂತೆಗೂ ಹೋಗಿ ಬಂದು ಬರೆಯುವವನಿಗೆ ಬಸ್ಸಿನ ಚೀಟಿಯೂ ಸಣ್ಣ ವೆಚ್ಚವಲ್ಲ. ಇಂತಹ ಸೌಲಭ್ಯಕ್ಕೂ ಮೊದಲು ಎದುರಾಗುವುದು ಅದೇ ಹಳೆಯ ಪ್ರಶ್ನೆ: ತಾನು ಪತ್ರಕರ್ತನೆಂಬುದಕ್ಕೆ ಅವನ ಕೈಯಲ್ಲಿ ಯಾರು ಬರೆದುಕೊಟ್ಟ ಕಾಗದವಿದೆ?