ಕಡಲಾಚೆಯ ಉನ್ನತ ವ್ಯಾಸಂಗ: ವೆಚ್ಚದ ಹೊಣೆ ಹೊತ್ತವರ ಚರಿತ್ರೆ

ಭಾರತದ ವಿದ್ಯಾರ್ಥಿಗಳು ಉನ್ನತ ವ್ಯಾಸಂಗಕ್ಕಾಗಿ ಪರದೇಶಗಳಿಗೆ ಹೋಗುವ ಪದ್ಧತಿಗೆ ಒಂದೂವರೆ ಶತಮಾನದ ಇತಿಹಾಸವಿದ್ದು, ಈ ಅವಧಿಯುದ್ದಕ್ಕೂ ಅದರ ವೆಚ್ಚವು ಸಾಮಾನ್ಯ ಕುಟುಂಬದ ಶಕ್ತಿಯನ್ನು ಮೀರಿಯೇ ಇದೆ. ಬೋಧನಾ ಶುಲ್ಕ, ಪ್ರಯಾಣ, ಊಟ, ವಸತಿ, ಪುಸ್ತಕ ಮತ್ತು ಚಳಿನಾಡಿಗೆ ತಕ್ಕ ಉಡುಪು ಇವು ಲೆಕ್ಕಕ್ಕೆ ಸುಲಭವಾಗಿ ಸಿಗುವ ಖರ್ಚುಗಳಾದರೆ, ರೂಪಾಯಿಯ ವಿನಿಮಯ ದರದ ಏರಿಳಿತ, ಓದಿನ ವರ್ಷಗಳಲ್ಲಿ ಕೈತಪ್ಪುವ ಸಂಪಾದನೆ ಹಾಗೂ ಹಣ ಕೊಟ್ಟವರು ವಿಧಿಸುವ ಷರತ್ತುಗಳು ಲೆಕ್ಕಪುಸ್ತಕದಲ್ಲಿ ಕಾಣದ ಖರ್ಚುಗಳು. ಈ ಎರಡನ್ನೂ ಒಟ್ಟಿಗೆ ಇಟ್ಟು ನೋಡಿದಾಗ, ಯಾರು ಹೋದರು, ಏನನ್ನು ಓದಿದರು, ಓದು ಮುಗಿದ ಮೇಲೆ ಎಲ್ಲಿ ನೆಲೆಸಿದರು ಎಂಬುದನ್ನು ವೆಚ್ಚದ ಮೊತ್ತಕ್ಕಿಂತಲೂ ಆ ವೆಚ್ಚದ ಹೊಣೆ ಯಾರದಾಗಿತ್ತು ಎಂಬ ಸಂಗತಿಯೇ ಹೆಚ್ಚಾಗಿ ನಿರ್ಧರಿಸಿತೆಂದು ತಿಳಿದುಬರುತ್ತದೆ.

ವಸಾಹತು ಸರ್ಕಾರವು ಈ ಹೊಣೆಯನ್ನು ಹೊರಲು ಮೊದಲಿನಿಂದಲೂ ಹಿಂಜರಿಯಿತು. ವೈಸ್‌ರಾಯ್ ಜಾನ್ ಲಾರೆನ್ಸ್ 1868ರಲ್ಲಿ ವರ್ಷಕ್ಕೆ 200 ಪೌಂಡುಗಳ ಒಂಬತ್ತು ವಿದ್ಯಾರ್ಥಿವೇತನಗಳನ್ನು ಮೂರು ವರ್ಷಗಳ ಅವಧಿಗೆ ಸ್ಥಾಪಿಸಿದನಾದರೂ, ಲಂಡನ್ನಿನ ಭಾರತ ಸಚಿವರ ವಿರೋಧದಿಂದಾಗಿ ಆ ಯೋಜನೆ ಬೇಗನೆ ನಿಂತುಹೋಯಿತು. ಆ ಕಾಲದ ಮೇಧಾವಿಗಳಿಗೆ ಹೆಚ್ಚು ಆಸರೆಯಾದದ್ದು ಗಿಲ್‌ಕ್ರಿಸ್ಟ್ ನಿಧಿ. ಭಾರತದಲ್ಲಿ ಸೇವೆ ಸಲ್ಲಿಸಿದ್ದ ಭಾಷಾಪಂಡಿತ ಜಾನ್ ಗಿಲ್‌ಕ್ರಿಸ್ಟ್ ಬಿಟ್ಟುಹೋದ ಆಸ್ತಿಯಿಂದ ನಡೆಯುತ್ತಿದ್ದ ಈ ನಿಧಿಯು ಸ್ಪರ್ಧಾ ಪರೀಕ್ಷೆಯ ಮೂಲಕ ಕೆಲವೇ ಭಾರತೀಯರನ್ನು ಆರಿಸಿ ಬ್ರಿಟನ್ನಿಗೆ ಕರೆಸಿಕೊಳ್ಳುತ್ತಿತ್ತು. ಮುಂದೆ ಭಾರತದಲ್ಲಿ ರಸಾಯನ ವಿಜ್ಞಾನದ ಸಂಶೋಧನೆಗೆ ತಳಹದಿ ಹಾಕಿದ ಪ್ರಫುಲ್ಲಚಂದ್ರ ರೇ 1882ರಲ್ಲಿ ಎಡಿನ್‌ಬರೋಗೆ ಹೋದದ್ದು ಈ ನೆರವಿನಿಂದಲೇ.

ಇಂತಹ ನೆರವು ಸಿಗದವರಿಗೆ ಉಳಿದ ದಾರಿಯೆಂದರೆ ಮನೆಯ ಹಣ, ಮತ್ತು ಆ ದಾರಿ ಎಷ್ಟು ಕಠಿಣವಾಗಿತ್ತೆಂಬುದನ್ನು ಮೋಹನದಾಸ ಗಾಂಧಿಯವರ 1888ರ ಪ್ರಯಾಣವು ತೋರಿಸುತ್ತದೆ. ಬ್ಯಾರಿಸ್ಟರ್ ವ್ಯಾಸಂಗಕ್ಕೆ ನಾಲ್ಕೈದು ಸಾವಿರ ರೂಪಾಯಿ ಬೇಕಾದೀತೆಂದು ಕುಟುಂಬದ ಹಿತೈಷಿಗಳು ಅಂದಾಜು ಮಾಡಿದಾಗ, ಗಾಂಧಿಯವರು ಪೋರಬಂದರಿನ ಬ್ರಿಟಿಷ್ ಆಡಳಿತಾಧಿಕಾರಿ ಲೆಲಿಯ ಬಳಿಗೆ ಹೋಗಿ ಸಂಸ್ಥಾನದಿಂದ ನೆರವು ಕೇಳಿದರು, ಮೊದಲು ಬಿ.ಎ. ಮುಗಿಸಿ ಬರುವಂತೆ ಹೇಳಿ ಆತ ಅವರನ್ನು ಮರಳಿ ಕಳುಹಿಸಿದ. ಹೆಂಡತಿಯ ಒಡವೆ ಮಾರುವ ಯೋಚನೆಯೂ ಬಂದುಹೋದ ಮೇಲೆ ಅಣ್ಣ ಹಣ ಹೊಂದಿಸಿದನಾದರೂ, ಸಮುದ್ರ ದಾಟುವವನಿಗೆ ಜಾತಿಪಂಚಾಯಿತಿ ಬಹಿಷ್ಕಾರ ಹಾಕಿ, ಅವನಿಗೆ ನೆರವಾದವರಿಗೂ ಬಂದರಿಗೆ ಬಂದು ಬೀಳ್ಕೊಟ್ಟವರಿಗೂ ಒಂದು ರೂಪಾಯಿ ನಾಲ್ಕಾಣೆ ದಂಡವೆಂದು ಸಾರಿದ್ದರಿಂದ, ಆ ಹಣವನ್ನು ಇರಿಸಿಕೊಂಡಿದ್ದ ಭಾವ ಅದನ್ನು ಕೊಡಲು ಹಿಂಜರಿದ, ಕೊನೆಗೆ ಸ್ನೇಹಿತರೊಬ್ಬರಿಂದ ಕೈಗಡ ಪಡೆದು ಹಡಗು ಹತ್ತಬೇಕಾಯಿತು. ಇದರ ಜೊತೆಗೆ ಬೆಳ್ಳಿಯ ನಾಣ್ಯವಾಗಿದ್ದ ರೂಪಾಯಿಯು ಚಿನ್ನವನ್ನು ಆಧರಿಸಿದ್ದ ಪೌಂಡಿನ ಎದುರು ಕುಸಿಯುತ್ತಲೇ ಹೋಗಿ, 1870ರ ಸುಮಾರಿಗೆ ಹತ್ತು ರೂಪಾಯಿಗೆ ಸಿಗುತ್ತಿದ್ದ ಒಂದು ಪೌಂಡಿಗೆ ಶತಮಾನದ ಕೊನೆಯ ಹೊತ್ತಿಗೆ ಹದಿನೈದು ರೂಪಾಯಿ ತೆರಬೇಕಾಗಿ ಬಂದಿತ್ತು. ಲಂಡನ್ನಿನಲ್ಲಿ ಬಾಡಿಗೆ ಏರದಿದ್ದರೂ ಊರಿನಲ್ಲಿ ಕುಳಿತು ಹಣ ಕಳುಹಿಸುವ ತಂದೆಯ ಪಾಲಿಗೆ ಅದು ಅರ್ಧದಷ್ಟು ಏರಿದಂತಾಯಿತು.

ಕುಟುಂಬಕ್ಕೂ ಸರ್ಕಾರಕ್ಕೂ ನಡುವೆ ಮೂರನೆಯ ದಾರಿಯೊಂದನ್ನು ತೆರೆದವರು ಜಮ್‌ಷೆಟ್‌ಜಿ ಟಾಟಾ. ಅವರು 1892ರಲ್ಲಿ ಸ್ಥಾಪಿಸಿದ ದತ್ತಿಯ ವಿಶೇಷವೆಂದರೆ ಅದು ಹಣವನ್ನು ದಾನವಾಗಿ ಕೊಡದೆ ಸಾಲರೂಪದ ವಿದ್ಯಾರ್ಥಿವೇತನವಾಗಿ ಕೊಡುತ್ತಿತ್ತು. ಓದಿ ಬಂದವರು ಸಂಪಾದನೆಗೆ ತೊಡಗಿದ ಮೇಲೆ ಹಿಂದಿರುಗಿಸಿದ ಹಣವೇ ಮುಂದಿನ ತಲೆಮಾರಿನ ವಿದ್ಯಾರ್ಥಿಗಳಿಗೆ ಸಲ್ಲುತ್ತಿದ್ದುದರಿಂದ ನಿಧಿಯು ಬರಿದಾಗದೆ ಬೆಳೆಯಿತು. ಇದರ ಮೊದಲ ಫಲಾನುಭವಿಗಳು ಫ್ರೆನಿ ಕಾಮಾ ಮತ್ತು ಕೃಷ್ಣಾಬಾಯಿ ಕೇಳವಕರ್ ಎಂಬ ಇಬ್ಬರು ವೈದ್ಯೆಯರಾಗಿದ್ದುದು ಆ ಕಾಲದ ಮಟ್ಟಿಗೆ ಸಣ್ಣ ಸಂಗತಿಯಲ್ಲ. ಮುಂದೆ ರಾಷ್ಟ್ರಪತಿಯಾದ ಕೆ.ಆರ್. ನಾರಾಯಣನ್ ಅವರಿಗೂ, ಭಾರತದ ಅಣು ಸಂಶೋಧನೆಯ ಮುಂಚೂಣಿಯಲ್ಲಿದ್ದ ಕನ್ನಡಿಗ ವಿಜ್ಞಾನಿ ರಾಜಾ ರಾಮಣ್ಣ ಅವರಿಗೂ ಲಂಡನ್ನಿನ ವ್ಯಾಸಂಗಕ್ಕೆ ಒದಗಿದ್ದು ಇದೇ ದತ್ತಿ.

ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಕೈಗಾರಿಕಾ ಶಿಕ್ಷಣದ ಬೇಡಿಕೆ ಬಲಗೊಂಡಂತೆ ವೆಚ್ಚದ ಹೊಣೆಗೆ ಇನ್ನಷ್ಟು ಹೆಗಲುಗಳು ಸೇರಿದವು. ಸರ್ಕಾರವು 1904ರಲ್ಲಿ ವರ್ಷಕ್ಕೆ 150 ಪೌಂಡುಗಳ ತಾಂತ್ರಿಕ ವಿದ್ಯಾರ್ಥಿವೇತನಗಳನ್ನು ಆರಂಭಿಸಿದರೆ, ಅದೇ ವರ್ಷ ಕಲ್ಕತ್ತೆಯಲ್ಲಿ ಜೋಗೇಂದ್ರಚಂದ್ರ ಘೋಷ್ ಅವರು ಕಟ್ಟಿದ ಸಂಘವು ಸಾರ್ವಜನಿಕರಿಂದ ಚಂದಾ ಎತ್ತಿ, ಜಪಾನ್, ಅಮೆರಿಕ ಮತ್ತು ಯುರೋಪಿಗೆ ತರುಣರನ್ನು ಕಳುಹಿಸತೊಡಗಿತು. ದೇಶೀಯ ಸಂಸ್ಥಾನಗಳು ಇದನ್ನು ತಮ್ಮ ಆಡಳಿತದ ಅಗತ್ಯವೆಂದೇ ಕಂಡವು. ಮೈಸೂರಿನಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, ಅದರಲ್ಲೂ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ 1912ರಿಂದ 1918ರವರೆಗಿನ ಅವಧಿಯಲ್ಲಿ, ಹೊರದೇಶದ ತರಬೇತಿಯನ್ನು ಸಂಸ್ಥಾನದ ಕೈಗಾರಿಕಾ ಯೋಜನೆಗೆ ನೇರವಾಗಿ ಜೋಡಿಸಲಾಯಿತು. ಸೋಸಲೆ ಗರಳಪುರಿ ಶಾಸ್ತ್ರಿಗಳು ಇಂಗ್ಲೆಂಡಿಗೆ ಹೋಗಿ ಸಾಬೂನು ತಯಾರಿಕೆಯ ಶಾಸ್ತ್ರವನ್ನು ಕಲಿತು ಬಂದದ್ದು ಸಂಸ್ಥಾನದ ನೆರವಿನಿಂದ, ಮತ್ತು ಆ ಖರ್ಚು ಮೈಸೂರು ಗಂಧದ ಸಾಬೂನಿನ ರೂಪದಲ್ಲಿ ನಾಡಿಗೆ ಹಲವು ಪಟ್ಟು ಮರಳಿತು.

ಸಂಸ್ಥಾನದ ನೆರವಿಗೂ ಅದರದೇ ಆದ ಬೆಲೆಯಿತ್ತೆಂಬುದನ್ನು ಭೀಮರಾವ್ ಅಂಬೇಡ್ಕರ್ ಅವರ ವ್ಯಾಸಂಗದ ವೃತ್ತಾಂತವು ಬೇರೆಲ್ಲ ಉದಾಹರಣೆಗಳಿಗಿಂತ ಸ್ಪಷ್ಟವಾಗಿ ತೋರಿಸುತ್ತದೆ. ಬರೋಡೆಯ ಸಯಾಜಿರಾವ್ ಗಾಯಕವಾಡರು 1913ರಲ್ಲಿ ಅವರಿಗೆ ತಿಂಗಳಿಗೆ ಹನ್ನೊಂದೂವರೆ ಪೌಂಡುಗಳಂತೆ ಮೂರು ವರ್ಷಗಳ ವಿದ್ಯಾರ್ಥಿವೇತನವನ್ನು ಮಂಜೂರು ಮಾಡಿದರು. ಇದಕ್ಕೆ ಪ್ರತಿಯಾಗಿ ಓದು ಮುಗಿದ ಮೇಲೆ ಹತ್ತು ವರ್ಷ ಬರೋಡೆಯ ಸೇವೆಯಲ್ಲಿರುವುದಾಗಿ ಅವರು ಮುಚ್ಚಳಿಕೆ, ಅಂದರೆ ಷರತ್ತಿಗೆ ಬದ್ಧನಾಗಿರುವೆನೆಂಬ ಲಿಖಿತ ಒಪ್ಪಂದ, ಬರೆದುಕೊಟ್ಟರು. ಅಂದಿನ ದರದಲ್ಲಿ ಸುಮಾರು 172 ರೂಪಾಯಿಯಾಗುತ್ತಿದ್ದ ಆ ಮೊತ್ತದಲ್ಲಿಯೇ ನ್ಯೂಯಾರ್ಕಿನ ಬದುಕು ಸಾಗಬೇಕಿತ್ತು, ಮನೆಗೂ ಹಣ ಕಳುಹಿಸಬೇಕಿತ್ತು. ಹೀಗಾಗಿ ಊಟದಲ್ಲಿ ಮಿಗಿಸಿದ ಕಾಸಿನಿಂದ ಹಳೆಯ ಪುಸ್ತಕಗಳನ್ನು ಕೊಳ್ಳುತ್ತಾ, ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ 1915ರಲ್ಲಿ ಎಂ.ಎ. ಮುಗಿಸಿ, ಮರುವರ್ಷ ಅವರು ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು.

ವಿದ್ಯಾರ್ಥಿವೇತನದ ಅವಧಿ ಮುಗಿದು 1917ರಲ್ಲಿ ಲಂಡನ್ನಿನ ಓದನ್ನು ಅರ್ಧಕ್ಕೆ ಬಿಟ್ಟು ಮರಳುವಾಗ, ಬೇರೊಂದು ಹಡಗಿನಲ್ಲಿ ಕಳುಹಿಸಿದ್ದ ಅವರ ಪುಸ್ತಕಸಂಗ್ರಹವು ಯುದ್ಧಕಾಲದ ಜಲಾಂತರ್ಗಾಮಿ ದಾಳಿಗೆ ಸಿಕ್ಕಿ ಸಮುದ್ರದ ಪಾಲಾಯಿತು. ಮುಚ್ಚಳಿಕೆಯಂತೆ ಬರೋಡೆಯ ಸೇವೆಗೆ ಸೇರಿದ ಆ ವಿದ್ವಾಂಸನಿಗೆ ಅಸ್ಪೃಶ್ಯನೆಂಬ ಕಾರಣಕ್ಕೆ ತಂಗಲು ಒಂದು ಮನೆಯೂ ಸಿಗದೆ, ಉಳಿದುಕೊಂಡಿದ್ದ ಪಾರ್ಸಿ ವಸತಿಗೃಹದಿಂದಲೂ ಹೊರಹಾಕಲ್ಪಟ್ಟು, ನಗರವನ್ನೇ ಬಿಡಬೇಕಾಯಿತು. ಸಿಡನ್‌ಹ್ಯಾಮ್ ಕಾಲೇಜಿನ ಪ್ರಾಧ್ಯಾಪಕ ವೃತ್ತಿಯಲ್ಲಿ ಉಳಿಸಿದ ಹಣ, ಕೊಲ್ಹಾಪುರದ ಶಾಹೂ ಮಹಾರಾಜರ ನೆರವು ಮತ್ತು ಗೆಳೆಯ ನವಲ್ ಭತೇನಾ ಕೊಟ್ಟ 5,000 ರೂಪಾಯಿಯ ಸಾಲ ಇವುಗಳನ್ನು ಕೂಡಿಸಿಕೊಂಡು ಅವರು 1920ರಲ್ಲಿ ಮತ್ತೆ ಲಂಡನ್ನಿಗೆ ಹೋಗಿ, 1923ರಲ್ಲಿ ಡಿ.ಎಸ್‌ಸಿ. ಪದವಿ ಪಡೆದರು. ವಿದ್ಯೆಗೆ ಹಣ ಒದಗಿಸಿದ ಸಂಸ್ಥಾನವು ವಿದ್ಯಾವಂತನಿಗೆ ಗೌರವದ ನೆಲೆಯನ್ನು ಒದಗಿಸಲಾರದೆ ಹೋದಾಗ ಮಾಡಿದ ವೆಚ್ಚವೂ ಬರೆಸಿಕೊಂಡ ಮುಚ್ಚಳಿಕೆಯೂ ಹುಸಿಯಾಗುತ್ತವೆ ಎಂಬ ಪಾಠ ಈ ವೃತ್ತಾಂತದಲ್ಲಿದೆ.

ಸ್ವಾತಂತ್ರ್ಯದ ಹೊಸ್ತಿಲಲ್ಲಿ, ಯುದ್ಧೋತ್ತರ ಭಾರತಕ್ಕೆ ಬೇಕಾದ ತಜ್ಞರನ್ನು ಸಿದ್ಧಗೊಳಿಸಲು ಸರ್ಕಾರವು ಪ್ರತಿಭಾವಂತರನ್ನು ಹೊರದೇಶಗಳಿಗೆ ಕಳುಹಿಸಲಾರಂಭಿಸಿತು. ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಸಂಶೋಧನೆಗೆ ತೊಡಗಿದ್ದ ರಾಜೇಶ್ವರಿ ಚಟರ್ಜಿಯವರು ಹೀಗೆ ಆಯ್ಕೆಯಾಗಿ 1947ರಲ್ಲಿ ಹಡಗಿನಲ್ಲಿ ಅಮೆರಿಕಕ್ಕೆ ತೆರಳಿ, ಮಿಷಿಗನ್ ವಿಶ್ವವಿದ್ಯಾಲಯದಲ್ಲಿ ವಿದ್ಯುತ್ ಎಂಜಿನಿಯರಿಂಗಿನ ಸ್ನಾತಕೋತ್ತರ ಪದವಿ ಗಳಿಸಿದರು. ಸರ್ಕಾರದ ನೆರವು ಅಲ್ಲಿಗೆ ಮುಗಿದಾಗ ಅವರ ಡಾಕ್ಟರೇಟಿಗೆ ಆಸರೆಯಾದದ್ದು ಬಾರ್ಬರ್ ವಿದ್ಯಾರ್ಥಿವೇತನ. ಏಷ್ಯಾದ ಮಹಿಳೆಯರಿಗೆಂದೇ ಲೆವಿ ಬಾರ್ಬರ್ ಎಂಬ ದಾನಿ 1917ರಲ್ಲಿ ಆ ವಿಶ್ವವಿದ್ಯಾಲಯದಲ್ಲಿ ಸ್ಥಾಪಿಸಿದ್ದ ಈ ವೇತನವೇ ಅವರಿಗಿಂತ ಮುಂಚೆ ಸಸ್ಯವಿಜ್ಞಾನಿ ಜಾನಕಿ ಅಮ್ಮಾಳ್ ಅವರನ್ನೂ ಓದಿಸಿತ್ತು. 1953ರಲ್ಲಿ ಬೆಂಗಳೂರಿಗೆ ಮರಳಿದ ರಾಜೇಶ್ವರಿಯವರು ವಿಜ್ಞಾನ ಸಂಸ್ಥೆಯಲ್ಲಿ ಅಧ್ಯಾಪಕರಾಗಿ ಮೈಕ್ರೋವೇವ್ ಸಂಶೋಧನೆಗೆ ನೆಲೆ ಕಟ್ಟಿದರು. ಭಾರತದ ಬೊಕ್ಕಸದ ಹಣವೂ ಅಮೆರಿಕದ ದಾನಿಯ ಹಣವೂ ಕೂಡಿ ಕರ್ನಾಟಕದ ಒಂದು ಪ್ರಯೋಗಾಲಯವಾದ ಬಗೆ ಇದು.

ಸ್ವತಂತ್ರ ಭಾರತದಲ್ಲಿ ವಿದೇಶಿ ವಿನಿಮಯದ, ಅಂದರೆ ಡಾಲರ್ ಪೌಂಡುಗಳಂತಹ ಹೊರನಾಡಿನ ನಾಣ್ಯದ, ತೀವ್ರ ಅಭಾವವಿದ್ದುದರಿಂದ ವೆಚ್ಚದ ಸ್ವರೂಪವೇ ಬದಲಾಯಿತು. ಕೈಯಲ್ಲಿ ರೂಪಾಯಿ ಇದ್ದವರಿಗೂ ರಿಸರ್ವ್ ಬ್ಯಾಂಕಿನ ಅನುಮತಿಯಿಲ್ಲದೆ ಡಾಲರ್ ದೊರೆಯುತ್ತಿರಲಿಲ್ಲ, ಪ್ರಯಾಣದ ಟಿಕೆಟ್ಟಿಗೂ ‘ಪಿ ಫಾರಂ’ ಎಂಬ ಅನುಮತಿಪತ್ರ ಬೇಕಾಗಿತ್ತು, ಮತ್ತು ಒಂದು ಹಂತದಲ್ಲಿ ಎಂಟು ಡಾಲರುಗಳನ್ನಷ್ಟೇ ಜೇಬಿನಲ್ಲಿಟ್ಟುಕೊಂಡು ವಿಮಾನ ಹತ್ತಿದ ತಲೆಮಾರೊಂದು ಇತ್ತು. 1966ರ ಜೂನ್ 6ರಂದು ರೂಪಾಯಿಯ ಅಪಮೌಲ್ಯದಿಂದ ಡಾಲರಿನ ದರವು 4.76ರಿಂದ 7.50 ರೂಪಾಯಿಗೆ ಏರಿ, ಈ ಕಷ್ಟ ಇನ್ನೂ ಹೆಚ್ಚಿತು. ಇಂತಹ ಕಾಲದಲ್ಲಿ ಅಮೆರಿಕದೊಂದಿಗಿನ 1950ರ ಫುಲ್‌ಬ್ರೈಟ್ ಶೈಕ್ಷಣಿಕ ಒಪ್ಪಂದ, 1954–55ರಲ್ಲಿ ಪರಿಶಿಷ್ಟ ಜಾತಿ ಪಂಗಡಗಳಿಗೆಂದು ಆರಂಭವಾದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಮತ್ತು 1959ರಲ್ಲಿ ರೂಪುಗೊಂಡ ಕಾಮನ್‌ವೆಲ್ತ್ ವಿದ್ಯಾರ್ಥಿವೇತನ ಯೋಜನೆಗಳು ಆಯ್ದ ಕೆಲವರಿಗೆ ಬಾಗಿಲು ತೆರೆದವು.

ಹೆಚ್ಚಿನವರಿಗೆ ಬಾಗಿಲು ತೆರೆದದ್ದು ಅಮೆರಿಕದ ವಿಶ್ವವಿದ್ಯಾಲಯಗಳ ‘ಅಸಿಸ್ಟೆಂಟ್‌ಶಿಪ್’ ಪದ್ಧತಿ. ಸ್ನಾತಕೋತ್ತರ ವಿದ್ಯಾರ್ಥಿಯು ಕೆಳಗಿನ ತರಗತಿಗಳಿಗೆ ಪಾಠ ಹೇಳಿ, ಉತ್ತರಪತ್ರಿಕೆ ತಿದ್ದಿ, ಅಥವಾ ಪ್ರಾಧ್ಯಾಪಕರ ಪ್ರಯೋಗಾಲಯದಲ್ಲಿ ದುಡಿದು, ಅದಕ್ಕೆ ಪ್ರತಿಯಾಗಿ ಶುಲ್ಕದ ವಿನಾಯಿತಿಯನ್ನೂ ಮಾಸಿಕ ವೇತನವನ್ನೂ ಪಡೆಯುವ ಈ ವ್ಯವಸ್ಥೆಯು, 1957ರಲ್ಲಿ ಸೋವಿಯತ್ ಒಕ್ಕೂಟ ಸ್ಪುಟ್ನಿಕ್ ಹಾರಿಸಿದ ಮೇಲೆ ಅಮೆರಿಕದ ಸರ್ಕಾರ ವಿಜ್ಞಾನ ಸಂಶೋಧನೆಗೆ ಹೇರಳವಾಗಿ ಹಣ ಸುರಿದಾಗ ವಿಸ್ತಾರಗೊಂಡಿತು. ಇಲ್ಲಿ ಮುಚ್ಚಳಿಕೆಯಿರಲಿಲ್ಲ, ಸಾಲವೂ ಇರಲಿಲ್ಲ. ಆದರೆ 1965ರ ವಲಸೆ ಕಾನೂನು ಏಷ್ಯಾದವರ ಮೇಲಿದ್ದ ನಿರ್ಬಂಧಗಳನ್ನು ತೆಗೆದುಹಾಕಿದ ಮೇಲೆ, ಭಾರತದ ತೆರಿಗೆಹಣದಿಂದ ಎಂಜಿನಿಯರುಗಳಾದ ಅನೇಕರು ಅಲ್ಲಿಯೇ ನೆಲೆಸಿದರು. ಪದವಿಯವರೆಗಿನ ಖರ್ಚನ್ನು ಭಾರತವೂ ಅದರ ಮೇಲಿನ ಖರ್ಚನ್ನು ಅಮೆರಿಕವೂ ಹೊತ್ತು, ಫಲದ ಬಹುಪಾಲು ಎರಡನೆಯವರ ಕೈಸೇರಿದ ಈ ವಿನಿಮಯವೇ ‘ಪ್ರತಿಭಾ ಪಲಾಯನ’ದ ಚರ್ಚೆಗೆ ಹಿನ್ನೆಲೆ.

ಬ್ರಿಟನ್ನಿನ ನಡೆ ಇದಕ್ಕೆ ವಿರುದ್ಧವಾಗಿತ್ತು. ಅಲ್ಲಿಯವರೆಗೆ ಸ್ಥಳೀಯರಿಗೂ ಹೊರಗಿನವರಿಗೂ ಸಮನಾಗಿದ್ದ ಸುಮಾರು 70 ಪೌಂಡುಗಳ ವಾರ್ಷಿಕ ಶುಲ್ಕವನ್ನು 1967ರಲ್ಲಿ ವಿದೇಶಿಯರಿಗೆ ಮಾತ್ರ 250 ಪೌಂಡುಗಳಿಗೆ ಏರಿಸಲಾಯಿತು. ಮಾರ್ಗರೆಟ್ ಥ್ಯಾಚರ್ ಅವರ ಸರ್ಕಾರವು ಇನ್ನೂ ಮುಂದೆ ಹೋಗಿ, 1980ರಿಂದ ವಿದೇಶಿ ವಿದ್ಯಾರ್ಥಿಗಳು ತಮ್ಮ ಶಿಕ್ಷಣದ ಪೂರ್ಣ ವೆಚ್ಚವನ್ನು ತಾವೇ ಭರಿಸಬೇಕೆಂದು ವಿಧಿಸಿತು. ವಿದೇಶಿ ವಿದ್ಯಾರ್ಥಿಗಳ ಸಂಖ್ಯೆ ಕುಸಿಯಿತು, ಇತರ ಕಾರಣಗಳ ಜೊತೆಗೆ ಶುಲ್ಕದ ಅಸಮಾಧಾನವೂ ಸೇರಿ ಮಲೇಷ್ಯಾ 1981ರಲ್ಲಿ ಬ್ರಿಟಿಷ್ ಸರಕುಗಳ ಖರೀದಿಯನ್ನು ಕಡೆಯ ಆಯ್ಕೆಯಾಗಿಸಿತು, ಮತ್ತು 1983ರಲ್ಲಿ ಬ್ರಿಟನ್ ಒಂದಿಷ್ಟು ವಿದ್ಯಾರ್ಥಿವೇತನಗಳನ್ನು ಘೋಷಿಸಿ ಸಮಾಧಾನಪಡಿಸಬೇಕಾಯಿತು. ಆದರೂ ಪೂರ್ಣ ಶುಲ್ಕದ ತತ್ತ್ವ ಅಳಿಯಲಿಲ್ಲ. ಅದೇ ದಶಕದಲ್ಲಿ ಆಸ್ಟ್ರೇಲಿಯಾ ಅದನ್ನು ಅನುಸರಿಸಿತು, ಹೊರಗಿನ ವಿದ್ಯಾರ್ಥಿಯು ಕ್ರಮೇಣ ವಿಶ್ವವಿದ್ಯಾಲಯಗಳ ಆದಾಯದ ಮೂಲವಾದ.

ಈ ಬದಲಾವಣೆಯ ಭಾರವು ಭಾರತದ ಮಧ್ಯಮವರ್ಗದ ಮನೆಗಳನ್ನು ತಲುಪಿದ್ದು ಬ್ಯಾಂಕುಗಳ ಮೂಲಕ. 2001ರಲ್ಲಿ ಜಾರಿಗೆ ಬಂದ ಮಾದರಿ ಶಿಕ್ಷಣ ಸಾಲ ಯೋಜನೆಯು ಹೊರದೇಶದ ವ್ಯಾಸಂಗಕ್ಕೆ 15 ಲಕ್ಷ ರೂಪಾಯಿಯವರೆಗೆ ಸಾಲಕ್ಕೆ ಅವಕಾಶ ಕೊಟ್ಟಿತು. ನಾಲ್ಕು ಲಕ್ಷ ದಾಟಿದ ಸಾಲಕ್ಕೆ ವೆಚ್ಚದ ಶೇಕಡಾ 15ರಷ್ಟನ್ನು ಕುಟುಂಬವೇ ಹಾಕಬೇಕಿತ್ತು, ಏಳೂವರೆ ಲಕ್ಷ ದಾಟಿದರೆ ಮನೆ, ನಿವೇಶನದಂತಹ ಆಸ್ತಿಯ ಪತ್ರಗಳನ್ನು ಅಡವಿಡಬೇಕಾಗುತ್ತಿತ್ತು. 2004ರಲ್ಲಿ ರಿಸರ್ವ್ ಬ್ಯಾಂಕು ಹೊರದೇಶಕ್ಕೆ ಹಣ ರವಾನಿಸುವ ನಿಯಮಗಳನ್ನು ಸಡಿಲಿಸಿದ್ದರಿಂದ ಡಾಲರಿನ ಅಭಾವ ನೀಗಿತಾದರೂ, ಅದರ ದರ ಏರುತ್ತಲೇ ಹೋಯಿತು. ಓದು ಆರಂಭವಾಗುವ ಮುನ್ನವೇ ಹಣ ತೋರಿಸಬೇಕೆಂಬ ನಿಯಮವೂ ಬಿಗಿಯಾಗಿದ್ದು, ಕೆನಡಾವು ಜೀವನವೆಚ್ಚಕ್ಕೆಂದು ಕೇಳುತ್ತಿದ್ದ 10,000 ಕೆನಡಿಯನ್ ಡಾಲರುಗಳನ್ನು 2024ರ ಜನವರಿಯಿಂದ 20,635ಕ್ಕೆ ಏರಿಸಿತು. ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವನ್ನೇ ಪಡೆಯದ ಜರ್ಮನಿಯೂ ವರ್ಷದ ಜೀವನವೆಚ್ಚವನ್ನು ಮುಂಗಡವಾಗಿ ಬ್ಯಾಂಕಿನಲ್ಲಿ ತಡೆಹಿಡಿದಿರಿಸಲು ಹೇಳುತ್ತದೆ.

ಹೀಗೆ ಒಂದೂವರೆ ಶತಮಾನದಲ್ಲಿ ಹೊಣೆಯು ಕೈಯಿಂದ ಕೈಗೆ ಸಾಗಿ, ಇಂದು ಹೆಚ್ಚಾಗಿ ತಂದೆತಾಯಿಯರ ಮನೆಪತ್ರದ ಮೇಲೆ ಬಂದು ನಿಂತಿದೆ. ಮುಚ್ಚಳಿಕೆಯು ವಿದ್ಯಾರ್ಥಿಯನ್ನು ನಾಡಿನ ಸೇವೆಗೆ ಕಟ್ಟುತ್ತಿದ್ದಂತೆ ಸಾಲದ ಕಂತು ಅವನನ್ನು ಡಾಲರಿನ ಸಂಬಳಕ್ಕೆ ಕಟ್ಟುತ್ತದೆ. ಅಡವಿಡಲು ಏನೂ ಇಲ್ಲದ ಮನೆಯ ಮಕ್ಕಳಿಗೆ ಆ ಕಟ್ಟಿನ ಅವಕಾಶವೂ ಇಲ್ಲ. ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನವು ಇಡೀ ದೇಶಕ್ಕೆ ವರ್ಷಕ್ಕೆ 125 ಸ್ಥಾನಗಳನ್ನಷ್ಟೇ ಹೊಂದಿದೆ. ಕರ್ನಾಟಕ ಸರ್ಕಾರದ ‘ಪ್ರಬುದ್ಧ’ ಯೋಜನೆ ಪರಿಶಿಷ್ಟ ಜಾತಿ ಪಂಗಡಗಳ ವಿದ್ಯಾರ್ಥಿಗಳಿಗೆ ತೆರೆದಿರುವ ದಾರಿ ಈ ನಿಟ್ಟಿನಲ್ಲಿ ಬೆಲೆಯುಳ್ಳದ್ದು. ಅಂಬೇಡ್ಕರ್ ಅವರಿಗೆ ಅಡವಿಡಲು ಆಸ್ತಿಯಿರಲಿಲ್ಲ, ಅವರು ಹೋದದ್ದು ಸಾರ್ವಜನಿಕ ಬೊಕ್ಕಸವೊಂದು ಮುಂದೆ ಬಂದದ್ದರಿಂದ. ಟಾಟಾ ದತ್ತಿಯಂತೆ ಹಿಂದಿರುಗಿದ ಹಣ ಮುಂದಿನವರಿಗೆ ಸಲ್ಲುವ, ಸಂಪಾದನೆಗೆ ತಕ್ಕಂತೆ ತೀರಿಸಬಹುದಾದ ಸಾಲವನ್ನೂ, ಆಸ್ತಿಯಿಲ್ಲದವರಿಗೆ ಪೂರ್ಣ ವೇತನವನ್ನೂ ಒದಗಿಸುವುದು ಸಮಾಜದ ಕೈಲಾಗದ ಕೆಲಸವಲ್ಲವೆಂಬುದಕ್ಕೆ ಈ ಚರಿತ್ರೆಯೇ ಪ್ರಮಾಣ. ಮೈಸೂರಿನಂತಹ ಸಂಸ್ಥಾನವೊಂದು ನೂರು ವರ್ಷಗಳ ಹಿಂದೆ ಹೊತ್ತ ಹೊಣೆಯನ್ನು ಅದಕ್ಕಿಂತ ಎಷ್ಟೋ ಸಿರಿವಂತವಾದ ಇಂದಿನ ನಾಡು ಹೊರಲಾರೆನೆನ್ನಲು ಕಾರಣವಿಲ್ಲ.