ಗದ್ದಿಗೆಯಲ್ಲಿ ಇಲ್ಲದ ರಾಜ

ಮಡಿಕೇರಿಗೆ ಹೊರಟವರೆಲ್ಲ ಕೇಳೋದು ಒಂದೇ, "ಅಲ್ಲಿ ನೋಡೋಕೆ ಏನೇನಿದೆ?" ಉತ್ತರವೂ ರೆಡಿ: ಅಬ್ಬಿ ಜಲಪಾತ, ತಲಕಾವೇರಿ, ದುಬಾರೆ ಆನೆಗಳು, ರಾಜಾಸೀಟು, ಬರುವಾಗ ಒಂದಿಷ್ಟು ಕಾಫಿಪುಡಿ. ತಪ್ಪೇನಿಲ್ಲ ಬಿಡಿ. ಆದರೆ ರಾಜಾಸೀಟಿನಲ್ಲಿ ನಿಂತು ಸೂರ್ಯಾಸ್ತದ ಫೋಟೋ ತೆಗೆಯುವವರಲ್ಲಿ "ಯಾವ ರಾಜ?" ಅಂತ ಕೇಳುವವರು ಎಷ್ಟು ಜನ?

ಹಾಲೇರಿ ವಂಶದ ಮುದ್ದುರಾಜ 1681ರಲ್ಲಿ ಕಟ್ಟಿದ ಊರಿದು. ಅವನ ಮಣ್ಣಿನ ಕೋಟೆಯನ್ನು ಟಿಪ್ಪು ಕಲ್ಲಿನಲ್ಲಿ ಕಟ್ಟಿಸಿ ಜಾಫರಾಬಾದ್ ಅಂತ ಹೆಸರಿಟ್ಟ. ಆ ಹೆಸರು ನಿಲ್ಲಲಿಲ್ಲ. ಒಳಗಿನ ಅರಮನೆ ಲಿಂಗರಾಜೇಂದ್ರನದು. ಅಂಗಳದ ಎರಡು ಗಾರೆಯ ಆನೆಗಳ ಮುಂದೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಾರೆ. ಸಿಟ್ಟಿನಲ್ಲಿ ನಿಜವಾದ ಆನೆಗಳನ್ನು ಕೊಲ್ಲಿಸಿದ ರಾಜನೊಬ್ಬ ಆಮೇಲೆ ಮರುಗಿ ಇವನ್ನು ಮಾಡಿಸಿದ ಅಂತ ಕಥೆ. 1837ರ ದಂಗೆಯ ನಾಯಕ ಗುಡ್ಡೆಮನೆ ಅಪ್ಪಯ್ಯಗೌಡನನ್ನು ಬ್ರಿಟಿಷರು ಗಲ್ಲಿಗೇರಿಸಿದ್ದು ಇದೇ ಕೋಟೆಯಲ್ಲಿ. ಇದು ಮಾತ್ರ ಕಥೆಯಲ್ಲ.

ನನಗೆ ಕೋಟೆಗಿಂತ ಇಷ್ಟ ಊರಂಚಿನ ಗದ್ದಿಗೆ. ಹಾಲೇರಿ ಅರಸರು ವೀರಶೈವರು, ಹಾಗಾಗಿ ಸುಡುವ ಪದ್ಧತಿಯಿಲ್ಲ, ಸಮಾಧಿಯೇ. ಗುಮ್ಮಟ, ಮಿನಾರು ನೋಡಿ ದೂರದಿಂದ ದರ್ಗಾ ಅಂದುಕೊಳ್ಳಬೇಕು, ಹತ್ತಿರ ಹೋದರೆ ನಂದಿ, ಒಳಗೆ ಶಿವಲಿಂಗ! ನಡುವೆ ಇರೋದು ದೊಡ್ಡವೀರರಾಜೇಂದ್ರ ಮತ್ತವನ ರಾಣಿ. ಪಕ್ಕದಲ್ಲಿ 1820ರಲ್ಲಿ ತೀರಿಕೊಂಡ ತಮ್ಮ ಲಿಂಗರಾಜೇಂದ್ರ. ಇನ್ನೊಂದು ರಾಜಗುರು ರುದ್ರಪ್ಪನದು, 1834ರದ್ದು. ಟಿಪ್ಪು ವಿರುದ್ಧ ಹೋರಾಡಿ ಸತ್ತ ಬಿದ್ದಂಡ ಬೋಪುವಿಗೂ ಅವನ ಮಗ ಸೋಮಯ್ಯನಿಗೂ ಹತ್ತಿರದಲ್ಲೇ ಜಾಗ ಸಿಕ್ಕಿದೆ. ಅಪ್ಪನಿಗೆ ಇಷ್ಟು ಚೆಂದದ ಗದ್ದಿಗೆ ಕಟ್ಟಿಸಿದ ಮಗ ಚಿಕ್ಕವೀರರಾಜೇಂದ್ರ ಮಾತ್ರ ಇಲ್ಲಿಲ್ಲ.

ಮಾಸ್ತಿಯವರಿಗೆ ಜ್ಞಾನಪೀಠ ತಂದ ಕಾದಂಬರಿಯ ನಾಯಕ ಇವನೇ. ಅವನೇನೂ ಪುಣ್ಯಾತ್ಮನಲ್ಲ. ಸ್ವಂತ ತಂಗಿ ದೇವಮ್ಮಾಜಿ ಗಂಡನ ಜೊತೆ 1832ರಲ್ಲಿ ಕಂಪನಿಯವರ ಆಶ್ರಯಕ್ಕೆ ಓಡಿಹೋದಳು ಅಂದರೆ ಯೋಚಿಸಿ. ಆದರೆ ಅವನ ಕ್ರೌರ್ಯದ ಬಗ್ಗೆ ನಾವು ಓದುವುದರಲ್ಲಿ ಬಹುಪಾಲು ಬರೆದವರು ಅವನ ರಾಜ್ಯ ಕಿತ್ತುಕೊಂಡವರೇ. ಅದನ್ನೂ ನೆನಪಿಟ್ಟುಕೊಂಡು ಓದಬೇಕು ಅಂತ ನನ್ನ ಅಭಿಪ್ರಾಯ.

ಅವನ ಕೊನೆಯ ಆಸರೆ ನೋಡಬೇಕಾದರೆ ಕಕ್ಕಬ್ಬೆ ಕಡೆ ಹೋಗಿ. ಕೊಡಗಿನ ಅತಿ ಎತ್ತರದ ಬೆಟ್ಟ ತಡಿಯಂಡಮೋಳ್ (1748 ಮೀಟರ್) ಹತ್ತುವವರು ನಾಲ್ಕುನಾಡು ಅರಮನೆಯ ಪಕ್ಕದಲ್ಲೇ ಹಾದು ಹೋಗ್ತಾರೆ, ತುಂಬಾ ಜನ ಒಳಗೆ ಇಣುಕುವುದೂ ಇಲ್ಲ. ದೊಡ್ಡವೀರರಾಜೇಂದ್ರ 1792ರ ಸುಮಾರಿಗೆ ಕಟ್ಟಿಸಿದ್ದು. ಅರಮನೆ ಅನ್ನೋದಕ್ಕಿಂತ ಕಾಡಿನ ನಡುವಿನ ದೊಡ್ಡ ತೊಟ್ಟಿಮನೆ ಅನ್ನಬಹುದು. ಕೆತ್ತನೆಯ ಕಂಬಗಳು, ಗೋಡೆಯಲ್ಲಿ ಮಾಸಿದ ಚಿತ್ರಗಳು, ಅಂಗಳದಲ್ಲಿ ಪುಟ್ಟ ಮಂಟಪ. 1834ರ ಏಪ್ರಿಲ್‌ನಲ್ಲಿ ಕರ್ನಲ್ ಫ್ರೇಸರ್ ಮಡಿಕೇರಿಗೆ ಬಂದಾಗ ರಾಜ ಇದ್ದದ್ದು ಇಲ್ಲಿ. ಆಮೇಲೆ ಶರಣಾದ.

ಅವನನ್ನು ವೆಲ್ಲೂರಿಗೆ, ಅಲ್ಲಿಂದ ಕಾಶಿಗೆ ಕಳಿಸಿದರು. ಕಂಪನಿಯಲ್ಲಿದ್ದ ತನ್ನ ಹಣ ಕೇಳಲು 1852ರಲ್ಲಿ ಮಗಳು ಗೌರಮ್ಮನ ಜೊತೆ ಇಂಗ್ಲೆಂಡಿಗೇ ಹೋದ. ಅದೇ ವರ್ಷ ಮಗಳಿಗೆ ಕ್ರೈಸ್ತ ದೀಕ್ಷೆ ಆಯಿತು, ಧರ್ಮಮಾತೆಯಾಗಿ ನಿಂತದ್ದು ವಿಕ್ಟೋರಿಯಾ ರಾಣಿ. ಹುಡುಗಿ ವಿಕ್ಟೋರಿಯಾ ಗೌರಮ್ಮ ಆದಳು. ಹಣ ಕೈಗೆ ಬರುವ ಮೊದಲೇ, 1859ರಲ್ಲಿ, ರಾಜ ಲಂಡನ್ನಿನಲ್ಲಿ ತೀರಿಕೊಂಡ. ಗೌರಮ್ಮ ಕರ್ನಲ್ ಕ್ಯಾಂಬೆಲ್ ಎಂಬುವನನ್ನು ಮದುವೆಯಾಗಿ 1864ರಲ್ಲಿ, ಇಪ್ಪತ್ಮೂರು ತುಂಬುವ ಮುಂಚೆಯೇ ಹೋಗಿಬಿಟ್ಟಳು.

ಅವಳ ಸಮಾಧಿ ಇರುವುದು ಲಂಡನ್ನಿನ ಬ್ರಾಂಪ್ಟನ್ ಸ್ಮಶಾನದಲ್ಲಿ. ಅಲ್ಲಿರುವ ಕನ್ನಡ ಬ್ಲಾಗಿಗರು ಯಾರಾದರೂ ಒಂದು ಭಾನುವಾರ ಬಿಡುವು ಮಾಡಿಕೊಂಡು ಹೋದರೆ ದಯವಿಟ್ಟು ಒಂದು ಫೋಟೋ ಹಾಕಿ. ಒಂದು ಹೂವನ್ನೂ ಇಟ್ಟು ಬನ್ನಿ, ಆಗಬಹುದಾ?