ವಸಿ ಜರುಗಣ್ಣ: ಮೈ ತಾಗದೆ ನಡೆಯುವುದರ ಅಧ್ಯಯನಗಳು

ಮಂಡ್ಯದ ಪೇಟೆ ಬೀದಿಯಲ್ಲಿ ಸಂಜೆ ಹೊತ್ತು ಎದುರುಬದುರಾಗುವ ಇಬ್ಬರನ್ನು ಗಮನಿಸಿ. ನಾಲ್ಕು ಹೆಜ್ಜೆ ಇರುವಾಗಲೇ ಒಬ್ಬರ ಭುಜ ಓರೆಯಾಗುತ್ತದೆ, ಇನ್ನೊಬ್ಬರು ಕೈಚೀಲವನ್ನು ಮೈಗೆ ಒತ್ತಿಕೊಳ್ಳುತ್ತಾರೆ. ಜೊತೆಯವರೊಡನೆ ನಡೆದಿದ್ದ ಮಾತೂ ನಿಲ್ಲುವುದಿಲ್ಲ. ಇದರಲ್ಲಿ ಅಧ್ಯಯನ ಮಾಡುವಂಥದ್ದು ಏನೋ ಇದೆ ಎಂದು ವಿದ್ವಾಂಸರಿಗೆ ಹೊಳೆದು ಸುಮಾರು ಅರ್ಧ ಶತಮಾನವಾಗಿದೆ.

ಮೊದಲು ಕಣ್ಣಿಟ್ಟವರಲ್ಲಿ ಸಮಾಜಶಾಸ್ತ್ರಜ್ಞರಿದ್ದರು. ಅರ್ವಿಂಗ್ ಗಾಫ್‌ಮನ್ 1971ರಲ್ಲಿ ನಡೆಯುವ ಮನುಷ್ಯನನ್ನು ಒಂದು ವಾಹನದಂತೆ ನೋಡಿದರು. ಮೈಕೆಲ್ ವುಲ್ಫ್ 1973ರಲ್ಲಿ ನ್ಯೂಯಾರ್ಕಿನ 42ನೇ ಬೀದಿಯ ಜನರ ಬಗ್ಗೆ ಬರೆದರು: ಪೂರ್ತಿ ಪಕ್ಕಕ್ಕೆ ಸರಿಯುವ ಬದಲು ಜನ ಭುಜ ತಿರುಗಿಸಿ, ಚೂರು ಹೆಜ್ಜೆ ಜಾರಿಸಿ ನುಸುಳುತ್ತಾರೆ. ಮರುವರ್ಷ ಕೊಲೆಟ್ ಮತ್ತು ಮಾರ್ಶ್ ಲಂಡನ್ನಿನ ಆಕ್ಸ್‌ಫರ್ಡ್ ಸರ್ಕಸ್ಸಿನಲ್ಲಿ ಇನ್ನೊಂದನ್ನು ಕಂಡರು. ನುಸುಳುವಾಗ ಗಂಡಸರು ಹೆಚ್ಚಾಗಿ ಎದುರಿನವರ ಕಡೆಗೆ ಮೈ ತಿರುಗಿಸುತ್ತಾರೆ, ಹೆಂಗಸರು ಆಚೆ ಕಡೆಗೆ. ನಮ್ಮ ಬಸ್‌ಸ್ಟ್ಯಾಂಡಿನಲ್ಲಿ ನಿಂತವರಿಗೆ ಇದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ.

ಆಮೇಲೆ ಈ ಕ್ಷೇತ್ರದ ಬಹುಪಾಲು ಭೌತವಿಜ್ಞಾನಿಗಳ ಕೈಗೆ ಹೋಯಿತು. 1971ರಲ್ಲೇ ಹೆಂಡರ್ಸನ್ ಜನಸಂದಣಿಯನ್ನು ಅನಿಲದ ಕಣಗಳಂತೆ ಲೆಕ್ಕ ಹಾಕಿದ್ದರು. 1995ರಲ್ಲಿ ಹೆಲ್ಬಿಂಗ್ ಮತ್ತು ಮೊಲ್ನಾರ್ 'ಸಾಮಾಜಿಕ ಬಲ'ದ ಮಾದರಿ ಕೊಟ್ಟರು: ಗುರಿ ಎಳೆಯುತ್ತದೆ, ಇತರರು ದೂರ ತಳ್ಳುತ್ತಾರೆ. ಎದುರುಬದುರು ಹರಿಯುವ ಜನ ತಾವಾಗಿಯೇ ಸಾಲುಗಳಾಗುವುದನ್ನು ಈ ಸಮೀಕರಣಗಳು ಚೆನ್ನಾಗಿ ತೋರಿಸಿದವು. ಆದರೆ ಮನುಷ್ಯ ಹತ್ತಿರ ಬಂದ ಮೇಲೆ ಬೆಚ್ಚಿ ಸರಿಯುವ ಗೋಲಿಯಲ್ಲ, ಮುಂದಾಗುವುದನ್ನು ಮೊದಲೇ ಊಹಿಸುತ್ತಾನೆ. 2014ರಲ್ಲಿ ಕರಮೂಜಸ್, ಸ್ಕಿನ್ನರ್, ಗೈ ಇದನ್ನೇ ಅಂಕಿಗಳಲ್ಲಿ ತೋರಿಸಿದರು. ನಮ್ಮ ಹೆಜ್ಜೆಯನ್ನು ತಿದ್ದುವುದು ನಡುವಿನ ದೂರವಲ್ಲ, ಡಿಕ್ಕಿಗೆ ಉಳಿದಿರುವ ಸಮಯ. ನನ್ನ ಮಟ್ಟಿಗೆ ಈ ಕ್ಷೇತ್ರದ ದೊಡ್ಡ ತಿರುವು ಇದೇ.

ಐಂಡ್‌ಹೋವನ್ ರೈಲು ನಿಲ್ದಾಣದಲ್ಲಿ ಕಾರ್ಬೆಟ್ಟಾ, ಟೊಸ್ಕಿ ಮತ್ತವರ ಸಂಗಡಿಗರು ಸುಮಾರು 50 ಲಕ್ಷ ನಡಿಗೆಯ ಜಾಡುಗಳನ್ನು ದಾಖಲಿಸಿದರು. ಜನ ಯಾಕೆ ಸದಾ ಡಿಕ್ಕಿ ಹೊಡೆಯುವುದಿಲ್ಲ ಎಂಬ ಆ ಕೆಲಸಕ್ಕೆ 2021ರಲ್ಲಿ ಇಗ್ ನೊಬೆಲ್ ಎಂಬ ವಿನೋದದ ಪ್ರಶಸ್ತಿ ಬಂತು. ಅದೇ ವರ್ಷ, ಯಾಕೆ ಒಮ್ಮೊಮ್ಮೆ ಡಿಕ್ಕಿ ಹೊಡೆಯುತ್ತಾರೆ ಎಂದು ತೋರಿಸಿದ ಜಪಾನಿನ ಮುರಕಾಮಿ ತಂಡಕ್ಕೂ ಇನ್ನೊಂದು! ಆ ಪ್ರಯೋಗದಲ್ಲಿ 27 ಜನರ ಎರಡು ಗುಂಪು ಎದುರುಬದುರು ನಡೆದವು. ಒಂದು ಗುಂಪಿನ ಮುಂದಿನ ಮೂವರ ಕೈಗೆ ಮೊಬೈಲ್ ಕೊಟ್ಟು ಲೆಕ್ಕ ಮಾಡಿಸಿದಾಗ ಸಾಲುಗಳು ಮೂಡುವುದೇ ತಡವಾಯಿತು. ಮೊಬೈಲ್ ಇಲ್ಲದವರೂ ತಡವರಿಸಿದರು. ದಾರಿ ಬಿಡುವುದು ಇಬ್ಬರೂ ಸೇರಿ ಮಾಡುವ ಕೆಲಸ.

ಇಷ್ಟೆಲ್ಲದರಲ್ಲಿ ಭಾರತದ ಪಾಲು ಸಣ್ಣದು, ಆದರೆ ಖುಷಿ ಕೊಡುವಂಥದ್ದು. 2009ರಲ್ಲಿ ಚಟ್ಟರಾಜ್, ಸೈಫ್ರೀಡ್, ಚಕ್ರಬರ್ತಿ ಭಾರತೀಯರನ್ನೂ ಜರ್ಮನರನ್ನೂ ಒಂದೇ ಬಗೆಯ ಸಾಲಿನಲ್ಲಿ ನಡೆಸಿ ನೋಡಿದರು. ನಮ್ಮವರಿಗೆ ಕಡಿಮೆ ಜಾಗ ಸಾಕು. ದಟ್ಟಣೆ ಹೆಚ್ಚಿದರೂ ವೇಗ ಅಷ್ಟಾಗಿ ಕುಗ್ಗುವುದಿಲ್ಲ. ಶಿಸ್ತಿನ ಜರ್ಮನರಿಗಿಂತ ಅಡ್ಡಾದಿಡ್ಡಿ ಭಾರತೀಯರ ನಡಿಗೆಯೇ ಹೆಚ್ಚು ಫಲಕಾರಿ ಎಂದು ಅವರೇ ಅಚ್ಚರಿಪಟ್ಟು ಬರೆದರು.

ಆದರೆ ಅದು ಪ್ರಯೋಗಕ್ಕೆಂದು ಮಾಡಿದ ಓಣಿ. ಮಳವಳ್ಳಿಯ ಸಂತೆಯಲ್ಲಿ ಹುಲ್ಲಿನ ಹೊರೆ ಹೊತ್ತವರು ಕತ್ತು ತಿರುಗಿಸಲಾರರು. ಅವರಿಗೆ ಎದುರಿನವರೇ ಪೂರ್ತಿ ಜಾಗ ಕೊಡಬೇಕು. "ವಸಿ ಜರುಗಣ್ಣ", "ದಾರಿ ಬುಡಿ" ಎಂದು ಕೂಗಿದರೆ ಹಿಂದಿನಿಂದ ಬಂದರೂ ಜನ ಎರಡಾಗಿ ಸರಿಯುತ್ತಾರೆ. ಮದ್ದೂರು ದಾಟುವ ರೈಲಿನ ಬೋಗಿಯಲ್ಲಿ ವಡೆ ಬುಟ್ಟಿಗಿಂತ ಮೊದಲು ವಡೆಯ ಕೂಗು ಬರುತ್ತದೆ. ಬುಟ್ಟಿ ಕಾಣಿಸುವಷ್ಟರಲ್ಲಿ ಕಾಲುಗಳು ಒಳಗೆ ಸೇರಿರುತ್ತವೆ, ಚೀಲಗಳು ತೊಡೆಗೆ ಏರಿರುತ್ತವೆ. ಇಲ್ಲಿ ಹೇಳಿದ ಯಾವ ಮಾದರಿಯ ಪಾದಚಾರಿಗೂ ಬಾಯಿಲ್ಲ. ಭಾರತೀಯ ರಸ್ತೆ ಕಾಂಗ್ರೆಸ್ಸಿನ 2012ರ ಮಾರ್ಗಸೂಚಿ ಕಾಲುದಾರಿಗೆ ಕನಿಷ್ಠ 1.8 ಮೀಟರ್ ಅಗಲ ಕೇಳಿತ್ತು. ಅಷ್ಟು ಅಗಲ ಸಿಗದ ಬೀದಿಯಲ್ಲಿ ಜನ ಕೊರತೆ ತುಂಬಿಕೊಳ್ಳುವುದು ಧ್ವನಿಯಿಂದ, ಕೆಲವೊಮ್ಮೆ ಬೆನ್ನಿಗೆ ತಾಗಿಸಿದ ಅಂಗೈಯಿಂದ. ಮದ್ದೂರು ಪ್ಲಾಟ್‌ಫಾರಂನಲ್ಲಿ ಕ್ಯಾಮೆರಾ ಇಡುವವರು ಜೊತೆಗೊಂದು ಮೈಕನ್ನೂ ಇಡಲಿ. ಕೂಗಿಗೂ ಜರುಗಿದ ಹೆಜ್ಜೆಗೂ ನಡುವಿನ ಸೆಕೆಂಡುಗಳನ್ನು ಅಳೆಯಬಹುದು.